ನಿಮ್ಮ ಹಾದಿ, ಜಿಂಕೆಯ ಜಾಡು

ಪ್ರಶ್ನೆ: ಅಕ್ಕಾ, ನಮಸ್ಕಾರ. ಮನೆಯ ಹಿಂಬಾಗಿಲಿನಿಂದ ಕೈತೋಟದ ಕೊನೆಯ ಬೇಲಿಯ ತನಕ ಸುಮಾರು 18 ಮೀಟರ್ ಉದ್ದದ ಕಲ್ಲುಹಾದಿ ಹಾಕುತ್ತಿದ್ದೇವೆ. ಕೆಲಸದವರನ್ನು ಕರೆದಿಲ್ಲ, ನಾನೂ ಯಜಮಾನರೂ ಸೇರಿ ಮಾಡುತ್ತಿದ್ದೇವೆ. ಬೇಲಿಯ ಆಚೆ ಕುರುಚಲು ಕಾಡು. ಜಲ್ಲಿ, ಚಪ್ಪಡಿ ಒಳಗೆ ತರಲು ಬೇಲಿಯ ಒಂದು ಭಾಗ ಬಿಚ್ಚಿದ್ದೇವೆ. ಅಗೆತ ಶುರುವಾದ ನಾಲ್ಕನೇ ದಿನದಿಂದ ಮೂರು ಜಿಂಕೆಗಳು ಬರುತ್ತಿವೆ. ನಾವು ಗುದ್ದಲಿ ಇಟ್ಟು ಒಳಗೆ ಹೋಗುವುದನ್ನೇ ಕಾಯುತ್ತಿರುತ್ತವೇನೋ ಅನ್ನಿಸುತ್ತದೆ. ಗುಲಾಬಿಯ ಚಿಗುರು ತಿಂದಿವೆ. ಅಗೆದ ಅಂಚಿನ ಮಣ್ಣನ್ನು ನೆಕ್ಕುವುದನ್ನೂ ಕಿಟಕಿಯಿಂದ ನೋಡಿದೆ. ಗೂಟಕ್ಕೆ ಕಟ್ಟಿದ ಹುರಿ ಎರಡು ಸಲ ಕಿತ್ತುಹೋಗಿತ್ತು, ಕಾಣಲಿ ಅಂತ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದೇನೆ. ಯಜಮಾನರು ಓಡಿಸಿಬಿಡೋಣ ಅಂತಾರೆ, ಮಗಳು ಏನಾದರೂ ತಿನ್ನಲು ಇಡೋಣ ಅಂತಾಳೆ. ನನಗೆ ಎರಡೂ ಸರಿ ಕಾಣುತ್ತಿಲ್ಲ. ಇನ್ನೂ ಮೂರು ವಾರದ ಕೆಲಸ ಇದೆ. ಏನು ಮಾಡಲಿ?

ಉತ್ತರ: ಮೊದಲು ಆ ಹುರಿಯ ಮಾತು ಆಡಿಬಿಡುತ್ತೇನೆ, ಉಳಿದದ್ದು ಆಮೇಲೆ. ಇವತ್ತು ಸಂಜೆಯಿಂದಲೇ ಅದನ್ನು ಬಿಚ್ಚಿಡಿ. ದಿನಾ ಕೆಲಸ ಮುಗಿದ ಮೇಲೆ ಬಿಚ್ಚಿ, ಬೆಳಿಗ್ಗೆ ಮತ್ತೆ ಕಟ್ಟಿ.

ನಾನು ನನ್ನ ತೋಟದಲ್ಲಿ ಮೊದಲ ಹಾದಿ ಹಾಕಿದ ವರ್ಷ, ಗೆರೆ ತಪ್ಪೀತು ಅಂತ ನೈಲಾನ್ ಹುರಿಯನ್ನು ರಾತ್ರಿಯೂ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಗೂಟ ಬುಡಸಮೇತ ಕಿತ್ತುಬಂದಿದ್ದವು. ಒಂದು ಗೂಟವನ್ನು ಹುರಿಯ ಸಮೇತ ಎಳೆದುಕೊಂಡು ಹೋದ ಗೀರು ಬೇಲಿಯ ತನಕ ಮಣ್ಣಿನಲ್ಲಿ ಬಿದ್ದಿತ್ತು. ಬೇಲಿಯ ಬುಡದಲ್ಲಿ ಹುರಿ ತುಂಡಾಗಿತ್ತು, ಅದರ ಗಂಟಿನಲ್ಲಿ ಒಂದು ಚಿಟಿಕೆಯಷ್ಟು ಕಂದು ಕೂದಲು ಸಿಕ್ಕಿಕೊಂಡಿತ್ತು. ಆ ಜಿಂಕೆಗೆ ಏನಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕುಂಟುತ್ತಾ ಯಾವುದಾದರೂ ಬಂದೀತೇ ಅಂತ ಎಷ್ಟೋ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ನಿಮ್ಮ ಹುರಿ ಎರಡು ಸಲ ಕಿತ್ತುಹೋಯಿತು ಅಂತ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕೂದಲು.

ನೀವು ಕಟ್ಟಿದ ಕೆಂಪು ರಿಬ್ಬನ್ ನಮ್ಮ ಕಣ್ಣಿಗೆ ಎದ್ದು ಕಾಣುತ್ತದೆ, ಜಿಂಕೆಯ ಕಣ್ಣಿಗೆ ಅಲ್ಲ. ಕೆಂಪು, ಕಿತ್ತಳೆ ಬಣ್ಣಗಳನ್ನು ಹಸಿರಿನಿಂದ ಬೇರೆ ಮಾಡಿ ನೋಡುವ ಶಕ್ತಿ ಅದಕ್ಕಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಹಗಲಿನಲ್ಲೂ ಯಾವುದಕ್ಕಾದರೂ ಗುರುತು ಕಟ್ಟಬೇಕಾಗಿದ್ದರೆ ಬಿಳಿ ಅಥವಾ ನೀಲಿ ಬಟ್ಟೆಯ ಪಟ್ಟಿ ಕಟ್ಟಿ. ಹುರಿ ಬಿಚ್ಚಿದರೆ ಗೆರೆ ಹೋಗುತ್ತದೆ ಅನ್ನುವ ಭಯ ಬೇಡ. ಗೂಟಗಳನ್ನು ನೆಲದ ಮಟ್ಟದ ತನಕ ಹೊಡೆದುಬಿಡಿ, ತಲೆಯ ಮೇಲೆ ಹುರಿ ಕೂರುವ ಜಾಗಕ್ಕೆ ಗರಗಸದಿಂದ ಒಂದು ಕಚ್ಚು ಹಾಕಿ. ಬೆಳಿಗ್ಗೆ ಅದೇ ಕಚ್ಚಿಗೆ ಹುರಿ ಸಿಕ್ಕಿಸಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ.

ಇನ್ನು ಅವು ಈಗಲೇ ಯಾಕೆ ಬಂದವು? ನೀವು ಬೇಲಿ ಬಿಚ್ಚಿ ಬಾಗಿಲು ತೆರೆದಿರಿ, ಅದೊಂದು. ಹಾದಿಯ ಜಾಗದಲ್ಲಿದ್ದ ಗಿಡಗಳನ್ನು ಕಡಿದು ಎಲ್ಲೋ ರಾಶಿ ಹಾಕಿರುತ್ತೀರಿ, ಎಲೆ ಬಾಡುವ ಮೊದಲು ಅದು ಅವಕ್ಕೆ ಬಡಿಸಿಟ್ಟ ಎಲೆ. ಅದಕ್ಕಿಂತ ದೊಡ್ಡ ಕಾರಣ ನೀವೇ ನೋಡಿದ ಮಣ್ಣು ನೆಕ್ಕುವುದು. ಬರೀ ಎಳೆಯ ಸೊಪ್ಪು ತಿಂದು ಬದುಕುವ ಪ್ರಾಣಿಗೆ ಸೋಡಿಯಂ ಸಾಲದು, ಯಾಕೆಂದರೆ ಗಿಡಗಳಲ್ಲಿ ಅದು ತೀರಾ ಕಡಿಮೆ. ಹಾಗಾಗಿ ಕಾಡಿನಲ್ಲೂ ಜಿಂಕೆಗಳು ಉಪ್ಪುಮಣ್ಣಿನ ಜಾಗ ಹುಡುಕಿಕೊಂಡು ಹೋಗಿ ನೆಕ್ಕುತ್ತವೆ. ಮೇಲ್ಮಣ್ಣು ತೆಗೆದಾಗ ಕೆಳಗಿನ ಹೊಸ ಪದರ ಬಯಲಾಗುತ್ತದೆ, ಅದರ ವಾಸನೆ ಅವಕ್ಕೆ ದೂರದಿಂದಲೇ ಸಿಗುತ್ತದೆ. ನಿಮ್ಮ ಗುದ್ದಲಿಯ ಕಾವು, ಕೈಚೀಲ, ಬೆವರು ಒರೆಸಿದ ಟವೆಲ್ ಹೊರಗೆ ಬಿಟ್ಟಿದ್ದರೆ ಅವುಗಳಲ್ಲೂ ಬೆವರಿನ ಉಪ್ಪಿದೆ. ಒಳಗಿಡಿ. ನನ್ನ ಹಳೇ ಸನಿಕೆಯ ಹಿಡಿಯನ್ನು ಒಂದು ಹೆಣ್ಣುಜಿಂಕೆ ತುಂಬಾ ಹೊತ್ತು ನೆಕ್ಕಿತ್ತು. ಅದರ ನಾಲಿಗೆ ಮರದ ಮೇಲೆ ಉಜ್ಜುವ ಸದ್ದು ನನಗೆ ಜಗಲಿಯ ತನಕ ಕೇಳುತ್ತಿತ್ತು.

ಗುಲಾಬಿ ತಿಂದದ್ದು ಜಿಂಕೆಯೇ ಅಂತ ಖಾತ್ರಿ ಮಾಡಿಕೊಳ್ಳಬೇಕೇ? ಕಡಿದ ತುದಿಯನ್ನು ಬೆರಳಿನಲ್ಲಿ ಹಿಡಿದು ಹತ್ತಿರದಿಂದ ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ, ಗಟ್ಟಿ ಒಸಡಿನ ಮೆತ್ತೆ ಮಾತ್ರ ಇದೆ. ಕೆಳಗಿನ ಹಲ್ಲಿಗೂ ಆ ಮೆತ್ತೆಗೂ ನಡುವೆ ಚಿಗುರನ್ನು ಒತ್ತಿಹಿಡಿದು ಕೀಳುತ್ತದೆ. ಅದಕ್ಕೇ ತುದಿ ಹರಿದು ನಾರು ನಾರಾಗಿರುತ್ತದೆ. ಮೊಲ ತಿಂದಿದ್ದರೆ ಚಾಕುವಿನಿಂದ ಓರೆಯಾಗಿ ಕೊಯ್ದ ಹಾಗೆ ನಯವಾಗಿರುತ್ತದೆ.

ಓಡಿಸುವ ವಿಷಯದಲ್ಲಿ ನಿಮ್ಮ ಯಜಮಾನರಿಗೆ ಈ ಮಾತು ಓದಿ ಹೇಳಿ. ಕಿಟಕಿ ತೆರೆದು ಒಂದು ಸಲ ಚಪ್ಪಾಳೆ ತಟ್ಟಿ, ಅವು ತಮ್ಮ ದಾರಿ ಹಿಡಿದು ಹೋಗಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಬೆನ್ನಟ್ಟುವುದು, ನಾಯಿ ಬಿಡುವುದು, ಮೂಲೆಗೆ ಒತ್ತುವುದು ಖಂಡಿತ ಬೇಡ. ವಿಪರೀತ ಭಯದಲ್ಲಿ ಓಡಿದ ಜಿಂಕೆಯ ಸ್ನಾಯುಗಳೇ ಒಳಗೊಳಗೆ ಕೆಟ್ಟು, ತಪ್ಪಿಸಿಕೊಂಡು ಹೋದ ಮೇಲೂ, ಕೆಲವು ಸಲ ದಿನಗಳ ನಂತರ, ಪ್ರಾಣ ಬಿಡುವುದುಂಟು. ಪಶುವೈದ್ಯರು ಇದನ್ನು ಚೆನ್ನಾಗಿ ಬಲ್ಲರು. ಮೈಮೇಲೆ ಒಂದು ಗಾಯವೂ ಇರುವುದಿಲ್ಲ. ನಾವು ಓಡಿಸಿದೆವು, ಅದು ಹೋಯಿತು, ಸರಿಹೋಯಿತು ಅಂದುಕೊಳ್ಳುತ್ತೇವೆ. ಜೊತೆಗೆ ನಿಮ್ಮ ತೋಟದಲ್ಲಿ ಈಗ ಗುಂಡಿ, ಕಲ್ಲಿನ ರಾಶಿ, ಜಲ್ಲಿ ಎಲ್ಲ ಇವೆ. ಗಾಬರಿಯಲ್ಲಿ ಹಾರಿದ ಜಿಂಕೆ ಕಾಲು ಮುರಿದುಕೊಳ್ಳಲು ಇದಕ್ಕಿಂತ ಹೆಚ್ಚೇನು ಬೇಕು?

ಮಗಳಿಗೆ ಪ್ರೀತಿಯಿಂದ ಹೇಳಿ, ತಿನ್ನಲು ಇಡುವುದೂ ಅಷ್ಟೇ ಅಪಾಯ. ಜಿಂಕೆ ಮೆಲುಕು ಹಾಕುವ ಪ್ರಾಣಿ, ಅದರ ಹೊಟ್ಟೆಗೆ ನಾಲ್ಕು ಕೋಣೆ. ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಸೊಪ್ಪು, ನಾರು ಕರಗಿಸಲು ಒಗ್ಗಿಕೊಂಡಿರುತ್ತವೆ. ಇದ್ದಕ್ಕಿದ್ದಂತೆ ಕಾಳು, ಬ್ರೆಡ್ಡು ಹೆಚ್ಚಾಗಿ ಬಿದ್ದರೆ ಅಲ್ಲಿ ಆಮ್ಲ ಏರಿ ಪ್ರಾಣಿ ಸಾಯಬಹುದು. ಹೊಟ್ಟೆ ತುಂಬಿದ ಹಾಗೇ ಕಾಣುತ್ತದೆ, ಆದರೂ ಸಾಯುತ್ತದೆ. ಮನುಷ್ಯರ ಕೈ ರುಚಿ ಕಂಡ ಜಿಂಕೆ ರಸ್ತೆಗೂ ನಾಯಿಗಳಿಗೂ ಹೆದರುವುದನ್ನು ಬಿಡುತ್ತದೆ, ಅದು ಇನ್ನೊಂದು ಕೇಡು. ಮಗಳಿಗೆ ಬೇರೊಂದು ಕೆಲಸ ಕೊಡಿ, ಕೆಳಗೆ ಹೇಳುತ್ತೇನೆ.

ಹಾದಿಯ ಕೆಲಸದಲ್ಲಿ ಮಣ್ಣು ತೆಗೆದು, ಜಲ್ಲಿ ಸುರಿದು, ದಿಮ್ಮಸು ಹೊಡೆದು ಗಟ್ಟಿ ಮಾಡಿದ ಮೇಲೆ ಮರಳು ಹಾಸುತ್ತೀರಲ್ಲ, ಸುಮಾರು 3 ಸೆಂಟಿಮೀಟರ್ ದಪ್ಪ. ಒಂದೇ ಒಂದು ಸಂಜೆ, ಒಂದೆರಡು ಮೀಟರ್ ಜಾಗದಲ್ಲಿ ಮಟ್ಟ ಮಾಡಿದ ಆ ಮರಳನ್ನು ಮುಚ್ಚದೆ ಬಿಡಿ. ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಿ ಕೂತು ನೋಡಿ. ಗೊರಸು ಎರಡು ಸೀಳು, ಎರಡೂ ಸೇರಿ ಹೃದಯದ ಆಕಾರ. ಚೂಪಾದ ತುದಿ ಎತ್ತ ಇದೆಯೋ ಅತ್ತ ಹೋಗಿದೆ ಅಂತ ಲೆಕ್ಕ. ಎರಡು ಸೀಳು ಅಂಟಿಕೊಂಡಂತಿದ್ದು, ಹೆಜ್ಜೆಗಳ ನಡುವೆ ಒಂದೇ ಅಂತರವಿದ್ದರೆ ಆರಾಮಾಗಿ ನಡೆದು ಹೋಗಿವೆ. ಸೀಳುಗಳು ಅಗಲಿದ್ದು, ಹಿಂದೆ ಎರಡು ಚುಕ್ಕೆಗಳೂ ಬಿದ್ದಿದ್ದರೆ ಓಡಿವೆ ಅಥವಾ ಹಾರಿವೆ. ಆ ಚುಕ್ಕೆಗಳು ಗೊರಸಿನ ಮೇಲ್ಗಡೆ ಹಿಂದಿರುವ ಸಣ್ಣ ಬೆರಳುಗಳದ್ದು, ಮೆತ್ತನೆ ನೆಲದಲ್ಲಿ ಕಾಲು ಆಳಕ್ಕೆ ಹೋದಾಗಲೂ ಮೂಡುತ್ತವೆ. ಯಾವ ಜಾಗದಲ್ಲಿ ದಾಟುತ್ತವೆ ಅಂತ ಎರಡು ಮೂರು ದಿನ ಮಗಳು ಬರೆದಿಡಲಿ. ಮರಳಿಲ್ಲದ ದಿನ ಅಗೆದ ಮಣ್ಣಿನ ಅಂಚಿನಲ್ಲೇ ಗುರುತು ಸಿಗುತ್ತದೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಈ ಗುರುತು ಬೇಕು. ಜಿಂಕೆ ಸುಮ್ಮನೆ ಎಲ್ಲೆಂದರಲ್ಲಿ ಅಲೆಯುವುದಿಲ್ಲ. ಮಲಗುವ ಪೊದೆ, ಮೇಯುವ ಜಾಗ, ನೀರು, ಇವುಗಳ ನಡುವೆ ಅದಕ್ಕೆ ತನ್ನದೇ ಜಾಡು ಇದೆ. ಅದರ ಗೊರಸಿನ ಸೀಳಿನ ನಡುವೆ ಒಂದು ಗ್ರಂಥಿ ಇದೆ, ಹೆಜ್ಜೆ ಹೆಜ್ಜೆಗೂ ವಾಸನೆ ಬಿಡುತ್ತಾ ಹೋಗುತ್ತದೆ. ಮುಂದೆ ಹೋದ ತಾಯಿಯ ಜಾಡನ್ನು ಹಿಂದಿನ ಮರಿ ಮೂಗಿನಿಂದ ಹಿಡಿಯುತ್ತದೆ. ನೀವು ಕಾಗದದ ಮೇಲೆ ಗೆರೆ ಎಳೆದ ಹಾದಿ ಆ ಜಾಡನ್ನು ಎಲ್ಲೋ ಒಂದು ಕಡೆ ಕತ್ತರಿಸುತ್ತಿದೆ. ಎರಡನ್ನೂ ಜಗಳಕ್ಕೆ ಬಿಡದೆ, ದಾಟುವ ಆ ಒಂದೆರಡು ಮೀಟರನ್ನು ಅವಕ್ಕಾಗಿಯೇ ಹಾಕಿ ಅನ್ನುವುದು ನನ್ನ ಸಲಹೆ.

ಹೇಗೆ ಅಂದರೆ, ಆ ಜಾಗದಲ್ಲಿ ನುಣುಪು ಚಪ್ಪಡಿ ಹಾಕಬೇಡಿ. ನುಣುಪು ಕಲ್ಲು ನೆನೆದಾಗ ಗಟ್ಟಿ ಗೊರಸು ಜಾರುತ್ತದೆ, ಕಾಲು ಅಗಲಕ್ಕೆ ಚಾಚಿಕೊಂಡು ಬೀಳುತ್ತವೆ. ಉಳಿಯಿಂದ ಚುಚ್ಚಿದಂಥ ಒರಟು ಮುಖದ ಕಲ್ಲು ಹಾಕಿ, ನಿಮ್ಮ ಕಾಲಿಗೂ ಒಳ್ಳೆಯದು. ಅಂಚಿಗೆ ಮೇಲೆದ್ದ ಕಲ್ಲು ನಿಲ್ಲಿಸದೆ ನೆಲದ ಮಟ್ಟಕ್ಕೇ ಬಿಡಿ. ಜಲ್ಲಿಯಲ್ಲಿ ದುಂಡನೆಯ ಕಲ್ಲು ಉರುಳುತ್ತದೆ, ಒಡೆದ ಮೂಲೆಗಳಿರುವ ಜಲ್ಲಿ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಅದನ್ನು ಒಂದೇ ಸಲ ಸುರಿಯದೆ 5 ಸೆಂಟಿಮೀಟರಿನ ಎರಡು ಪದರ ಮಾಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸು ಹೊಡೆಯಿರಿ. ಮನೆಯಿಂದ ಆಚೆಗೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ರಸಮಟ್ಟದಲ್ಲಿ ನೋಡಿಕೊಳ್ಳಿ. ಮರಳಂತೂ ಆ ದಿನ ಕಲ್ಲು ಕೂರಿಸುವಷ್ಟಕ್ಕೇ ಹಾಸಿ. ಗೊರಸು ತುಳಿದ ಜಾಗವನ್ನು ಮೇಲಿಂದ ಸವರಿ ಮುಚ್ಚಿದರೆ ಸಾಲದು. ಒತ್ತಿಹೋದ ಮರಳು ಗಟ್ಟಿ, ಪಕ್ಕದ್ದು ಸಡಿಲ, ಮುಂದೆ ಅಲ್ಲಿ ಕಲ್ಲು ಅಲ್ಲಾಡುತ್ತದೆ. ಕೆದಕಿ ಸಡಿಲ ಮಾಡಿ, ನೇರವಾದ ಮರದ ಪಟ್ಟಿಯಿಂದ ಎಳೆದು ಮತ್ತೆ ಮಟ್ಟ ಮಾಡಬೇಕು.

ರಾತ್ರಿಗೆ ಮೊದಲು ದಿನಾ ಒಂದು ಸುತ್ತು ಹಾಕಿ. ಗೋಡೆಗೆ ಒರಗಿಸಿ ನಿಲ್ಲಿಸಿದ ಚಪ್ಪಡಿಗಳನ್ನು ಮಲಗಿಸಿ. ಆಳದ ಗುಂಡಿ ಇದ್ದರೆ ಹಲಗೆ ಮುಚ್ಚಿ, ಮುಚ್ಚಲು ಆಗದಿದ್ದರೆ ಒಂದು ಬದಿಯನ್ನು ಇಳಿಜಾರು ಮಾಡಿಡಿ, ಬಿದ್ದ ಪ್ರಾಣಿ ನಡೆದು ಮೇಲೆ ಬರಲಿ. ಸಿಮೆಂಟ್ ಕಲಸಿದ ಬಾಣಲಿ, ಕರಣೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಾಗೇ ಬಿಡಬೇಡಿ. ಅದು ಸುಣ್ಣದ ಹಾಗೆ ಖಾರ, ನಮ್ಮ ಕೈಚರ್ಮವನ್ನೇ ಸುಡುತ್ತದೆ, ಬಾಯಾರಿ ಬಂದ ಪ್ರಾಣಿ ಮೂತಿ ಇಟ್ಟರೆ ಏನಾಗಬೇಡ!

ಬೇಲಿಯನ್ನು ಮತ್ತೆ ಮುಚ್ಚುವುದು ನಡು ಮಧ್ಯಾಹ್ನದಲ್ಲಿ, ತೋಟವನ್ನೆಲ್ಲ ಒಮ್ಮೆ ಸುತ್ತಿ ನೋಡಿದ ಮೇಲೆ. ಜಿಂಕೆಗಳು ಹೆಚ್ಚಾಗಿ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಓಡಾಡುತ್ತವೆ, ಹಗಲು ಪೊದೆಯಲ್ಲಿ ಮಲಗಿ ಮೆಲುಕು ಹಾಕುತ್ತವೆ. ಆ ಪೊದೆ ನಿಮ್ಮ ತೋಟದ್ದೇ ಆಗಿದ್ದು, ನೀವು ತಿಳಿಯದೆ ಬೇಲಿ ಮುಚ್ಚಿದರೆ ಒಳಗೆ ಸಿಕ್ಕ ಜಿಂಕೆ ತಂತಿಗೆ ಬಡಿದುಕೊಂಡು ಸಾಯಬಹುದು. ಎತ್ತರದ ಬೇಲಿ ಹಾಕಿದರೆ ಸಾಕೇ ಅಂತ ಕೇಳಬಹುದು. ಬಿಳಿಬಾಲದ ಜಿಂಕೆಯಂಥವು 2 ಮೀಟರಿಗಿಂತ ಎತ್ತರದ ಬೇಲಿಯನ್ನೂ ಹಾರಬಲ್ಲವು. ಆದರೆ ಆಚೆ ಬದಿ ಎಲ್ಲಿ ಕಾಲೂರಬೇಕು ಅಂತ ಕಾಣದ ಕಡೆ ಹಾರಲು ಹಿಂಜರಿಯುತ್ತವೆ. ಹಾಗಾಗಿ ಎತ್ತರಕ್ಕಿಂತ ಒತ್ತಾದ ಜೀವಂತ ಬೇಲಿ ಮೇಲು. ಮೊನೆಯಿರುವ ಸರಳಿನ ಬೇಲಿ ಮಾತ್ರ ಯಾವ ಕಾರಣಕ್ಕೂ ಬೇಡ, ಅರ್ಧ ಹಾರಿ ಅದರ ಮೇಲೆ ಸಿಕ್ಕಿಕೊಂಡ ಜಿಂಕೆಯನ್ನು ಒಮ್ಮೆ ಕಂಡವರು ಮರೆಯಲಾರರು.

ನಾನಾದರೆ ತೋಟಕ್ಕೆಲ್ಲ ಬೇಲಿ ಬಿಗಿಯುವ ಬದಲು ಗುಲಾಬಿಗೆ ಮಾತ್ರ ಬೇಲಿ ಕಟ್ಟುತ್ತೇನೆ. ಗಿಡದ ಸುತ್ತ ಒಂದೂವರೆ ಮೀಟರ್ ಎತ್ತರದ ಗಟ್ಟಿ ತಂತಿ ಜಾಲರಿ, ಬಿಗಿಯಾಗಿ. ಜೋತುಬಿದ್ದ ಬಲೆ ಬೇಡ, ಗಂಡಿನ ಕೊಂಬು ಸಿಕ್ಕಿಕೊಳ್ಳುತ್ತದೆ. ಎಳೆಯ ಮರಗಳ ಕಾಂಡಕ್ಕೂ ಜಾಲರಿ ಸುತ್ತಿ. ಗಂಡುಜಿಂಕೆಗೆ ಹೊಸ ಕೊಂಬು ಬಲಿತಾಗ ಮೇಲಿನ ಮಖಮಲ್ಲಿನಂಥ ಚರ್ಮ ಒಣಗಿ ಸುಲಿಯುತ್ತದೆ, ಆಗ ಕಾಂಡಕ್ಕೆ ಉಜ್ಜಿ ತೊಗಟೆ ಕಿತ್ತುಹಾಕುತ್ತದೆ. ಹಾದಿಯ ಎರಡೂ ಬದಿಗೆ ಪುದೀನ, ರೋಸ್ಮರಿ, ಲ್ಯಾವೆಂಡರಿನಂಥ ಗಾಢ ವಾಸನೆಯ ಗಿಡ ಹಾಕಿದರೆ ಅವುಗಳಿಗೆ ಬಾಯಿ ಹಾಕುವುದು ಕಡಿಮೆ. ಹಸಿದ ಜಿಂಕೆ ಅದನ್ನೂ ತಿಂದೀತು, ಪೂರ್ತಿ ನಂಬಬೇಡಿ.

ಒಂದು ಎಚ್ಚರಿಕೆ ನಿಮಗಾಗಿ. ಜಿಂಕೆ ಮಲಗಿ ಎದ್ದ ಹುಲ್ಲಿನಲ್ಲಿ ಉಣುಗು ಇರಬಹುದು, ಅವು ರೋಗ ಹರಡುತ್ತವೆ. ಉದ್ದ ತೋಳು, ಉದ್ದ ಪ್ಯಾಂಟು ಹಾಕಿ ಕೆಲಸ ಮಾಡಿ. ಸಂಜೆ ಮೈ, ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ, ಮಗಳದ್ದನ್ನೂ ನೋಡಿ.

ಪ್ರಶ್ನೆ: ಹೊಸದಾಗಿ ಹಾಕಿದ ಕಾಂಕ್ರೀಟ್ ಹಾದಿಯ ಮೇಲೆ ರಾತ್ರಿ ಜಿಂಕೆ ನಡೆದು ನಾಲ್ಕು ಹೆಜ್ಜೆ ಆಳವಾಗಿ ಮೂಡಿವೆ. ಈಗ ಗಟ್ಟಿಯಾಗಿದೆ. ಒಡೆದು ಹೊಸದು ಹಾಕಬೇಕೇ?

ಉತ್ತರ: ಒಡೆಯಬೇಡಿ. ನೀರು ನಿಂತು ಪಾಚಿ ಕಟ್ಟುವಷ್ಟು ಆಳವಿದ್ದರೆ, ಅಥವಾ ವಯಸ್ಸಾದವರು ಎಡವುವ ಜಾಗದಲ್ಲಿದ್ದರೆ ಮಾತ್ರ ತುಂಬಿ. ಗುಳಿಯ ಒಳಗನ್ನು ಉಳಿಯಿಂದ ಒರಟು ಮಾಡಿ, ಧೂಳು ತೊಳೆದು, ನೆನೆಸಿ, ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್ ಬಳಿದು, ಅದು ಒಣಗುವ ಮೊದಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಒತ್ತಿ ತುಂಬಿ. ಒಂದು ವಾರ ಒದ್ದೆ ಗೋಣಿ ಹೊದಿಸಿ. ಮುಂದಿನ ಭಾಗವನ್ನು ಬೆಳಿಗ್ಗೆ ಬೇಗ ಹಾಕಿ ಮುಗಿಸಿ, ಸಂಜೆಯೊಳಗೆ ಸ್ವಲ್ಪ ಬಿಗಿದಿರುತ್ತದೆ. ರಾತ್ರಿ ಅದರ ಮೇಲೆ ಮರದ ಚೌಕಟ್ಟು ಇಟ್ಟು ಹಲಗೆ ಮುಚ್ಚಿ. ಬರೀ ಟಾರ್ಪಾಲ್ ಹಾಸಿದರೆ ಗೊರಸು ಅದರ ಸಮೇತ ಇಳಿಯುತ್ತದೆ.

ಪ್ರಶ್ನೆ: ಅಮ್ಮಾ, ಹಾದಿಗೆ ತಂದು ಜೋಡಿಸಿಟ್ಟ ಕಲ್ಲುಗಳ ಪಕ್ಕದ ಹುಲ್ಲಿನಲ್ಲಿ ಬೆಳಿಗ್ಗೆಯಿಂದ ಒಂದು ಜಿಂಕೆಮರಿ ಒಂಟಿಯಾಗಿ ಮಲಗಿದೆ. ಅಲ್ಲಾಡುವುದೂ ಇಲ್ಲ. ತಾಯಿ ಕಾಣುತ್ತಿಲ್ಲ. ಹಾಲು ಕುಡಿಸೋಣವೇ? ನಾಳೆ ಜಲ್ಲಿಯ ಗಾಡಿ ಬರುತ್ತದೆ.

ಉತ್ತರ: ನಿಮ್ಮ ಪತ್ರ ಬಂದ ದಿನವೇ ಫೋನಿನಲ್ಲಿ ಉತ್ತರ ಹೇಳಿದ್ದೇನೆ. ಇಂಥದ್ದು ಬೇರೆಯವರಿಗೂ ಎದುರಾಗುವುದರಿಂದ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಹಾಲು ಕುಡಿಸಬೇಡಿ, ಮುಟ್ಟಬೇಡಿ, ಎತ್ತಿ ಬೇರೆ ಕಡೆ ಇಡಬೇಡಿ. ಅದು ಅನಾಥವಾಗಿರುವ ಸಾಧ್ಯತೆ ತೀರಾ ಕಡಿಮೆ. ಹುಟ್ಟಿದ ಮೊದಲ ದಿನಗಳಲ್ಲಿ ಅನೇಕ ಜಾತಿಯ ಜಿಂಕೆಗಳು ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ, ತಾವು ದೂರ ಹೋಗಿ ಮೇಯುತ್ತವೆ. ಎಳೆಮರಿಯ ಮೈವಾಸನೆ ತೀರಾ ಕಡಿಮೆ, ಅಲ್ಲಾಡದೆ ಮಲಗಿದರೆ ಬೇಟೆಯಾಡುವ ಪ್ರಾಣಿಗೆ ಸುಲಭವಾಗಿ ಸಿಗುವುದಿಲ್ಲ. ತಾಯಿ ಪಕ್ಕದಲ್ಲೇ ನಿಂತರೆ ಅವಳ ವಾಸನೆಯೇ ಜಾಗ ತೋರಿಸಿಕೊಡುತ್ತದೆ. ಅದಕ್ಕಾಗಿ ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಟ್ಟು ಹೋಗುತ್ತಾಳೆ. ನೀವು ಕಾಳಜಿಯಿಂದ ಹತ್ತಿರ ನಿಂತು ಕಾದಷ್ಟು ಹೊತ್ತೂ ಅವಳು ಪೊದೆಯ ಹಿಂದೆ ನಿಂತು ನೀವು ಹೋಗಲಿ ಅಂತ ಕಾಯುತ್ತಿರುತ್ತಾಳೆ, ಮರಿ ಹಸಿದುಕೊಂಡೇ ಇರುತ್ತದೆ.

ಆ ಬದಿಯ ಕೆಲಸ ನಿಲ್ಲಿಸಿ. ನಾಯಿ ಇದ್ದರೆ ಕಟ್ಟಿ. ಜೋಡಿಸಿಟ್ಟ ಕಲ್ಲನ್ನು ಅಲ್ಲಾಡಿಸಬೇಡಿ. ಮೈಮೇಲೆ ಗಾಯ, ನೊಣ ಕಂಡರೆ, ಅಥವಾ ಮಾರನೆಯ ದಿನವೂ ತಾಯಿ ಬಂದ ಗುರುತೇ ಇಲ್ಲದೆ ಮರಿ ನಿಲ್ಲಿಸದೆ ಕೂಗುತ್ತಿದ್ದರೆ ಮಾತ್ರ ನಿಮ್ಮ ಭಾಗದ ಅರಣ್ಯ ಇಲಾಖೆಯವರಿಗೆ ತಿಳಿಸಿ, ನೀವೇ ಎತ್ತಬೇಡಿ. ಕತ್ತಲಾಗುವ ಹೊತ್ತಿಗೆ ಒಳಗಿನ ದೀಪ ಆರಿಸಿ ಕಿಟಕಿಯಿಂದ ನೋಡಿ. ಬೆಳಿಗ್ಗೆ ಹುಲ್ಲಿನಲ್ಲಿ ಮರಿ ಮಲಗಿದ್ದ ಅಚ್ಚು ಮಾತ್ರ ಉಳಿದಿದ್ದರೆ ತಾಯಿ ಬಂದು ಜಾಗ ಬದಲಿಸಿರುವ ಸಾಧ್ಯತೆಯೇ ಹೆಚ್ಚು. ಸುತ್ತಲಿನ ಹುಲ್ಲನ್ನೂ ಒಮ್ಮೆ ಮೆಲ್ಲಗೆ ಸುತ್ತಿ ನೋಡಿ, ಎರಡು ಹೆಜ್ಜೆ ಆಚೆಯೇ ಮಲಗಿರಬಹುದು. ಅಲ್ಲೂ ಇಲ್ಲ ಅಂತ ಖಾತ್ರಿಯಾದ ಮೇಲೆ ಗಾಡಿಯವರಿಗೆ ಫೋನ್ ಮಾಡಿ.